ಬೆಂಗಳೂರನ್ನು ಸರಪಳಿಯಲ್ಲಿ ಅಳೆದ ಲ್ಯಾಂಬ್ಟನ್

ವೈಟ್‌ಫೀಲ್ಡ್‌ನಿಂದ ಪೀಣ್ಯಕ್ಕೆ ದಾರಿ ಕೇಳಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಆ್ಯಪ್ ಕ್ಷಣದಲ್ಲಿ ಹೇಳುತ್ತೆ. ನಕ್ಷೆಯ ಪ್ರತಿ ಜಂಕ್ಷನ್ನಿಗೂ ಅಕ್ಷಾಂಶ, ರೇಖಾಂಶ ಇದೆ. ರಸ್ತೆಯ ಪ್ರತಿ ತುಂಡಿನ ಉದ್ದ ಸಿಗೋದು ಅದರಿಂದಲೇ. ಆ ಅಂಕಿ ತಪ್ಪಿದರೆ ಎಂಥ ಅಲ್ಗಾರಿದಮ್ ಇದ್ದರೂ ದಾರಿ ತಪ್ಪಿದ್ದೇ. ನಮ್ಮೂರಿನ ನೆಲವನ್ನು ಅಷ್ಟು ನಿಖರವಾಗಿ ಅಳೆಯಲು ಹೊರಟ ಮೊದಲಿಗರಲ್ಲಿ ಒಬ್ಬ ವಿಲಿಯಂ ಲ್ಯಾಂಬ್ಟನ್.

ಯಾರ್ಕ್‌ಶೈರ್‌ನ ಸಾಧಾರಣ ಮನೆತನದ ಹುಡುಗ ಸೈನ್ಯ ಸೇರಿ ಉತ್ತರ ಅಮೆರಿಕಕ್ಕೆ ಹೋದ. ಅಲ್ಲಿ ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣು ಕೆಡಿಸಿಕೊಂಡ. 1799ರಲ್ಲಿ, ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ, ರಾತ್ರಿ ನಡೆಯುತ್ತಿದ್ದ ತನ್ನದೇ ಪಡೆ ದಿಕ್ಕು ತಪ್ಪಿ ಶತ್ರುವಿನ ಕಡೆಗೇ ಹೊರಟಿದೆ ಅಂತ ನಕ್ಷತ್ರ ನೋಡಿ ಹೇಳಿದ್ದು ಇವನೇ.

ಯುದ್ಧ ಮುಗಿದ ಮೇಲೆ ಪರ್ಯಾಯ ದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ಅಳೆಯುವ ಯೋಜನೆ ಮುಂದಿಟ್ಟ. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ 7 ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆ ಅಳೆದ. ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಚೀನಾ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಭಾರತಕ್ಕೆ ಬಂದ ಸರಪಳಿ! ಒಂದು ಬದಿ ಅಳೆದು ಎರಡು ಕೋನ ನೋಡಿದರೆ ತ್ರಿಕೋನದ ಉಳಿದ ಬದಿಗಳು ಲೆಕ್ಕದಲ್ಲೇ ಸಿಗುತ್ತವೆ. ಪಿಯುಸಿಯ ಸೈನ್ ರೂಲ್, ಅಷ್ಟೇ.

ಕೋನ ನೋಡಲು ಲಂಡನ್ನಿನಿಂದ ಬರುತ್ತಿದ್ದ ಅರ್ಧ ಟನ್ನಿನ ಥಿಯೋಡಲೈಟನ್ನು ಫ್ರೆಂಚರು ಸಮುದ್ರದಲ್ಲಿ ಹಿಡಿದು, ಆಮೇಲೆ ವಾಪಸ್ ಕಳಿಸಿದರು. 1802ರಲ್ಲಿ ಮದ್ರಾಸಿನಲ್ಲಿ ಹೊಸ ರೇಖೆ ಅಳೆದು, ತ್ರಿಕೋನಗಳನ್ನು ಪೋಣಿಸುತ್ತಾ ಬೆಂಗಳೂರಿಗೆ ಬಂದ. 1804ರಲ್ಲಿ ಇಲ್ಲಿ ಮತ್ತೆ ರೇಖೆ ಅಳೆಸಿದಾಗ ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ 4 ಇಂಚು ಕೂಡ ಇರಲಿಲ್ಲ. ನಮ್ಮ ಸರ್ವೇ ಲ್ಯಾಬಿನಲ್ಲಿ ಟ್ರಾವರ್ಸ್ ಕ್ಲೋಸ್ ಮಾಡೋಕೆ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಹಗ್ಗ ಕಿತ್ತು ಥಿಯೋಡಲೈಟ್ ಗೋಡೆಗೆ ಬಡಿಯಿತು. ಸೊಟ್ಟಗಾದ ವೃತ್ತವನ್ನು ಲ್ಯಾಂಬ್ಟನ್ ಡೇರೆಯೊಳಗೆ ಕೂತು, ಸುಮಾರು ಆರು ವಾರ ತಟ್ಟಿ ತಟ್ಟಿ ಸರಿಮಾಡಿದ.

ಆದರೆ ಒಂದು ಮಾತು. ಈ ಅಳತೆಯ ಮೊದಲ ಒಡೆಯ ಕಂಪನಿ ಸರ್ಕಾರ. ಸರಪಳಿ ಎಳೆದ, ಬೆಟ್ಟದ ಮೇಲೆ ಬಾವುಟ ಹಿಡಿದು ನಿಂತ ನಮ್ಮವರ ಹೆಸರು ಹುಡುಕಿದರೂ ಸಿಗೋದು ಕಷ್ಟ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಾಗಲ್ಲ: ಪೀಣ್ಯದ ಶೆಡ್ ಹಿಂದಿನ ಓಣಿಯನ್ನು ನಾವೇ ಸೇರಿಸಬಹುದು, ಯಾರು ಸೇರಿಸಿದರು ಅನ್ನೋದೂ ದಾಖಲಾಗುತ್ತೆ.

ಲ್ಯಾಂಬ್ಟನ್ ನಿವೃತ್ತನಾಗಲೇ ಇಲ್ಲ. 1823ರ ಜನವರಿಯಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ನಾಗಪುರದ ಕಡೆ ಹೋಗುವಾಗ ಹಿಂಗಣಘಾಟಿನಲ್ಲಿ ತೀರಿಕೊಂಡ. ಕೆಲಸ ಅವನ ಸಹಾಯಕ ಜಾರ್ಜ್ ಎವರೆಸ್ಟ್ ಕೈಗೆ ಬಂತು. ಶಿಖರಕ್ಕೆ ಬಿದ್ದಿದ್ದೂ ಆ ಸಹಾಯಕನ ಹೆಸರೇ.