ಹೆಸರಿಲ್ಲದ ಜ್ವರದ ಬೆನ್ನು ಹತ್ತಿದವರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಬರುವ ಜ್ವರಕ್ಕೆ ಥಟ್ಟನೆ ಹೆಸರಿಡುವುದು ಸುಲಭವಲ್ಲ. ಡೆಂಗಿ, ಚಿಕೂನ್‌ಗುನ್ಯ, ಇಲಿಜ್ವರ, ಮಂಗನ ಕಾಯಿಲೆ ಎಲ್ಲವೂ ಮೊದಲ ಎರಡು ಮೂರು ದಿನ ಹೆಚ್ಚುಕಡಿಮೆ ಒಂದೇ ಮುಖ ತೋರುತ್ತವೆ. ವೈರಲ್ ಜ್ವರ ಎಂಬ ಒಂದೇ ಚೀಟಿ ಎಲ್ಲಕ್ಕೂ ಸಲ್ಲುತ್ತದೆ. ಈ ಸೀಮೆಯವನಾದ ನನಗೆ ಆಗೆಲ್ಲ ನೆನಪಾಗುವುದು, ಹೆಸರಿಲ್ಲದ ಜ್ವರಗಳ ಮೂಲ ಹುಡುಕುವುದರಲ್ಲೇ ಬದುಕು ಕಳೆದ ಅಮೆರಿಕದ ವೈದ್ಯ ಟೆಲ್ಫೋರ್ಡ್ ವರ್ಕ್. ವೈರಾಣು ವಿಜ್ಞಾನದಲ್ಲಿ ಪ್ರಸಿದ್ಧರಾದ ಅವರ ಹೆಸರು ಮಲೆನಾಡಿನಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ವರ್ಕ್ ವೈದ್ಯ ಶಿಕ್ಷಣದ ಬಳಿಕ ಲಂಡನ್ನಿನಲ್ಲಿ ಉಷ್ಣವಲಯದ ರೋಗಗಳನ್ನು ಅಭ್ಯಸಿಸಿದರು. ಪಕ್ಷಿವೀಕ್ಷಣೆ ಅವರ ಹವ್ಯಾಸವಾಗಿತ್ತು. ಅದೇ ಮುಂದೆ ವೃತ್ತಿಗೂ ಒದಗಿ ಬಂತು. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ಈಜಿಪ್ಟಿನ ನೈಲ್ ಮುಖಜಭೂಮಿಯಲ್ಲಿ ಕೆಲಸ ಮಾಡಿದರು. ವೆಸ್ಟ್ ನೈಲ್ ವೈರಾಣು 1937ರಲ್ಲೇ ಉಗಾಂಡದಲ್ಲಿ ಜ್ವರಪೀಡಿತ ಮಹಿಳೆಯೊಬ್ಬಳ ರಕ್ತದಲ್ಲಿ ಸಿಕ್ಕಿತ್ತಾದರೂ ಅದರ ನೆಲೆ ಸ್ಪಷ್ಟವಿರಲಿಲ್ಲ. ಅದು ಹಕ್ಕಿಗಳು ಮತ್ತು ಕ್ಯೂಲೆಕ್ಸ್ ಸೊಳ್ಳೆಗಳ ನಡುವೆ ಸುತ್ತುತ್ತದೆ, ಹಳ್ಳಿಯ ಮಕ್ಕಳಿಗೆ ಬರುವ ಸಾಮಾನ್ಯ ಜ್ವರಗಳಲ್ಲಿ ಅದರ ಪಾಲೂ ಇದೆ ಎಂಬುದನ್ನು ವರ್ಕ್ ಮತ್ತು ಸಂಗಡಿಗರು ತೋರಿಸಿದರು. ಜ್ವರದ ಕಾರಣವನ್ನು ರೋಗಿಯ ಹಾಸಿಗೆಯ ಆಚೆಗೂ ಹುಡುಕಬೇಕೆಂಬ ಪಾಠ ಅವರಿಗೆ ಅಲ್ಲಿ ದಕ್ಕಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ರಾಕ್‌ಫೆಲರ್ ಪ್ರತಿಷ್ಠಾನ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಾಣು ಸಂಶೋಧನಾ ಕೇಂದ್ರಕ್ಕೆ ವರ್ಕ್ ನಿರ್ದೇಶಕರಾಗಿ ಬಂದರು. ವೆಲ್ಲೂರಿನಲ್ಲಿ 1955ರಲ್ಲಿ ಕಂಡ ಮಿದುಳು ಜ್ವರ, ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಎಂದು ಗುರುತಿಸುವಲ್ಲಿ ಅವರ ಪಾತ್ರವಿತ್ತು.

ಅವರ ಬದುಕಿನ ದೊಡ್ಡ ಪರೀಕ್ಷೆ ಎದುರಾದದ್ದು 1957ರಲ್ಲಿ, ಬನವಾಸಿಗೆ ಹೊಂದಿಕೊಂಡ ಸೊರಬ ತಾಲ್ಲೂಕಿನಲ್ಲಿ. ಕ್ಯಾಸನೂರು ಕಾಡಿನ ಆಸುಪಾಸಿನ ಹಳ್ಳಿಗರು ತೀವ್ರ ಜ್ವರ, ಮೈಕೈ ನೋವು, ರಕ್ತಸ್ರಾವದಿಂದ ನರಳುತ್ತಿದ್ದರು. ಅದೇ ವೇಳೆ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯುತ್ತಿದ್ದವು. ಎರಡಕ್ಕೂ ನಂಟಿದೆ ಎಂಬುದನ್ನು ಹಳ್ಳಿಗರೇ ಮೊದಲು ಗ್ರಹಿಸಿದ್ದರು. ಮಂಗಗಳ ಸಾವಿನ ಸುದ್ದಿ ಪುಣೆಯಲ್ಲಿ ದಿಗಿಲು ಹುಟ್ಟಿಸಿತು. ಸೊಳ್ಳೆಯಿಂದ ಹರಡುವ ಹಳದಿ ಜ್ವರ ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದೀಗ ಬಂದಿದ್ದರೆ ಇಲ್ಲಿನ ಹೇರಳ ಸೊಳ್ಳೆಗಳ ನಡುವೆ ಅದನ್ನು ತಡೆಯುವುದು ದುಸ್ತರವಾಗಿತ್ತು.

ರೋಗಿಗಳ ರಕ್ತದಲ್ಲಿಯೂ ಸತ್ತ ಮಂಗಗಳ ಅಂಗಾಂಶಗಳಲ್ಲಿಯೂ ಸಿಕ್ಕ ವೈರಾಣು ಬೇರೆಯೇ ಆಗಿತ್ತು. ಅದು ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿನ ಬಳಗದ್ದು. ಕೀಟತಜ್ಞ ಹೆರಾಲ್ಡ್ ಟ್ರಪಿಡೊ ಅವರೊಡನೆ ವರ್ಕ್ ಕಾಡಿನ ಉಣ್ಣೆಗಳತ್ತ ದೃಷ್ಟಿ ಹರಿಸಿದರು. ಮಂಗ ಅಪರಾಧಿಯಲ್ಲ, ನಮ್ಮಂತೆಯೇ ಬಲಿಪಶು ಎಂಬುದು ಹೀಗೆ ತಿಳಿಯಿತು. ಈ ಶೋಧಕ್ಕೆ ಬೆಲೆಯನ್ನೂ ತೆರಬೇಕಾಯಿತು. ಕೇಂದ್ರದ ಹಲವು ಸಿಬ್ಬಂದಿಗೆ ಅದೇ ಜ್ವರ ತಗುಲಿತು.

ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಈ ವೈರಾಣುವನ್ನು ತಂದಿರಬಹುದೆಂಬ ಊಹೆಯೂ ಆಗ ಮೂಡಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೈಗೊಂಡ ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯಕ್ಕೆ ಅದು ಪ್ರೇರಣೆಯಾಯಿತು. ಊಹೆ ರುಜುವಾತಾಗಲಿಲ್ಲ, ಆದರೆ ದೇಶದ ಪಕ್ಷಿಶಾಸ್ತ್ರಕ್ಕೆ ಅಪಾರ ಲಾಭವಾಯಿತು. 1958ರಲ್ಲಿ ಭಾರತ ಬಿಟ್ಟ ವರ್ಕ್ ಮುಂದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿ ದುಡಿದು, ಕ್ಯಾಲಿಫೋರ್ನಿಯಾದಲ್ಲಿ ಪ್ರಾಧ್ಯಾಪಕರಾಗಿ, 1995ರಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದ ವಿಧಾನವನ್ನು ನಾವು ಉಳಿಸಿಕೊಂಡಿದ್ದೇವೆಯೇ? ಕ್ಯಾಸನೂರಿನಲ್ಲಿ ಮೊದಲು ಕಂಡ ಕಾಯಿಲೆ ಇಂದು ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೆ ಹಬ್ಬಿದೆ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲೇ ಜನ ಸತ್ತರು. ದಶಕಗಳ ಕಾಲ ನೀಡಿದ ಲಸಿಕೆಯನ್ನು ಪರಿಣಾಮ ಸಾಲದೆಂದು ಕೈಬಿಡಲಾಗಿದೆ. ನಿರ್ದಿಷ್ಟ ಔಷಧವೂ ಇಲ್ಲ. ಹೀಗಿರುವಾಗ ಬೇಗ ಗುರುತಿಸುವುದೇ ದೊಡ್ಡ ರಕ್ಷಣೆ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ಸೊಪ್ಪು, ದರಕು, ಸೌದೆಗೆಂದು ಬೆಟ್ಟಕ್ಕೆ ಹೋಗದೆ ಅಡಿಕೆ ಬೆಳೆಗಾರನಿಗೂ ಕೂಲಿಯವನಿಗೂ ಗತ್ಯಂತರವಿಲ್ಲ. ದನಗಳೂ ಅದೇ ಕಾಡಿನಲ್ಲಿ ಮೇಯುತ್ತವೆ, ಉಣ್ಣೆಗಳ ಸಂತಾನವನ್ನು ಸಲಹುತ್ತವೆ.

ಜ್ವರ ಬಂದವನನ್ನು ಯಾವ ಕಾಡಿಗೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿತ್ತೇ ಎಂದು ವೈದ್ಯರು ಕೇಳಬೇಕು. ಸತ್ತ ಮಂಗದ ಸುದ್ದಿಯನ್ನು ಅದೇ ದಿನ ಮುಟ್ಟಿಸುವ ಹೊಣೆ ಊರಿನವರದು. ರಕ್ತ ಪರೀಕ್ಷೆಯ ಫಲಿತಾಂಶ ರೋಗಿ ಉಳಿದಿರುವಾಗಲೇ ಕೈಸೇರುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಹಳ್ಳಿಗರ ಗ್ರಹಿಕೆಗೆ ಕಿವಿಗೊಟ್ಟು ಕಾಡಿನೊಳಕ್ಕೆ ಹೊಕ್ಕ ವೈದ್ಯನಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.