ಬೆಳಕನ್ನು ಹಿಡಿದಿಟ್ಟ ಗಾಜು

ಕೆಲವು ವಸ್ತುಗಳು ಬೆಳಕನ್ನು ಹೀರಿಕೊಂಡು, ದೀಪವನ್ನು ಆರಿಸಿದ ಮೇಲೂ ಕತ್ತಲಲ್ಲಿ ಹೊಳೆಯುತ್ತಿರುತ್ತವೆ. ಈ ಗುಣಕ್ಕೆ ಸ್ಫುರದೀಪ್ತಿ ಎಂದು ಹೆಸರು. ಖನಿಜಗಳಲ್ಲಿ ಇದನ್ನು ಜನರು ಬಹುಕಾಲದಿಂದ ಕಂಡಿದ್ದರು. ಬಣ್ಣಗಳೇ ಮೊದಲಾದ ಸಾವಯವ ವಸ್ತುಗಳಲ್ಲಿ ಅದು ತೋರಲು ಕಾರಣವೇನೆಂಬುದನ್ನು ಬಿಡಿಸಿದವರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ನ್ಯೂಟನ್ ಲೂಯಿಸರು ಅಗ್ರಗಣ್ಯರು.

ಲೂಯಿಸರು 1875ರ ಅಕ್ಟೋಬರ್ 23ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಜನಿಸಿದರು. ಅವರ ಬಾಲ್ಯದ ವಿದ್ಯಾಭ್ಯಾಸವು ಬಹುಮಟ್ಟಿಗೆ ಮನೆಯಲ್ಲಿಯೇ ನಡೆಯಿತು. 1899ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದು, ಜರ್ಮನಿಯಲ್ಲಿ ಕೆಲಕಾಲ ವ್ಯಾಸಂಗ ಮಾಡಿ, ಮನಿಲಾ ನಗರದಲ್ಲಿ ತೂಕ ಮತ್ತು ಅಳತೆಗಳ ಅಧಿಕಾರಿಯಾಗಿಯೂ ದುಡಿದರು. 1912ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರವನ್ನು ಸೇರಿದರು. ಕೊನೆಯವರೆಗೂ ಅದೇ ಅವರ ಕರ್ಮಭೂಮಿಯಾಯಿತು.

ಪರಮಾಣುಗಳು ಎಲೆಕ್ಟ್ರಾನುಗಳ ಜೋಡಿಯನ್ನು ಹಂಚಿಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂದು ಅವರು 1916ರಲ್ಲಿ ಪ್ರತಿಪಾದಿಸಿದರು. ಜೋಡಿ ಚುಕ್ಕೆಗಳನ್ನಿಟ್ಟು ನೀರಿನ ಅಣುವಿನ ಚಿತ್ರವನ್ನು ಬರೆಯುವ ವಿದ್ಯಾರ್ಥಿಯು ತಾನರಿಯದೆಯೇ ಲೂಯಿಸರ ಹಾದಿಯಲ್ಲಿ ನಡೆಯುತ್ತಾನೆ. 1933ರಲ್ಲಿ ಅವರು ಶುದ್ಧವಾದ ಭಾರಜಲವನ್ನು ಬೇರ್ಪಡಿಸಿದರು. ಆದರೆ ಭಾರ ಹೈಡ್ರೋಜನ್ನನ್ನು ಕಂಡುಹಿಡಿದುದಕ್ಕಾಗಿ 1934ರ ನೊಬೆಲ್ ಪಾರಿತೋಷಕವು ಅವರ ಶಿಷ್ಯರಾಗಿದ್ದ ಹೆರಾಲ್ಡ್ ಯೂರಿಯವರಿಗೆ ಸಂದಿತು. ಲೂಯಿಸರ ಹೆಸರು ಅನೇಕ ಬಾರಿ ಸೂಚಿತವಾಗಿದ್ದರೂ ಆ ಗೌರವ ಅವರಿಗೆ ಎಂದೂ ದೊರೆಯಲಿಲ್ಲ. ಇದು ಅನ್ಯಾಯವೆಂದೇ ಹೇಳಬೇಕು.

ಅರವತ್ತು ದಾಟಿದ ಮೇಲೆ ಅವರ ಗಮನ ಬಣ್ಣ ಮತ್ತು ಬೆಳಕುಗಳ ಕಡೆಗೆ ತಿರುಗಿತು. ಫ್ಲೂರೆಸೀನ್ ಎಂಬ ಬಣ್ಣವನ್ನು ಕರಗಿದ ಬೋರಿಕ್ ಆಮ್ಲದಲ್ಲಿ ಬೆರೆಸಿ ತಣಿಸಿದರೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಈ ಗಾಜಿನ ಮೇಲೆ ಪ್ರಖರವಾದ ಬೆಳಕನ್ನು ಬೀರಿ ದೀಪವನ್ನು ಆರಿಸಿದರೆ, ಸಾಮಾನ್ಯ ಉಷ್ಣತೆಯಲ್ಲಿಯೇ ಅದು ಕೆಲವು ಸೆಕೆಂಡುಗಳ ಕಾಲ ಹೊಳೆಯುತ್ತದೆ. ಅದೇ ಬಣ್ಣವನ್ನು ನೀರಿನಲ್ಲಿ ಕರಗಿಸಿದರೆ, ದೀಪ ಆರುತ್ತಲೇ ಹೊಳಪೂ ಆರುತ್ತದೆ. ದ್ರವದಲ್ಲಿ ಅಲೆದಾಡುವ ಅಣುಗಳು ತಾವು ಪಡೆದ ಶಕ್ತಿಯನ್ನು ಡಿಕ್ಕಿಗಳಲ್ಲಿ ಕಳೆದುಕೊಳ್ಳುತ್ತವೆ. ಗಾಜಿನಲ್ಲಿ ಅವು ಸೆರೆಯಾಳುಗಳಂತೆ ಕದಲದೆ ನಿಂತಿರುತ್ತವೆ. ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ಸಾವಯವ ಸ್ಫಟಿಕಗಳು ದೀಪ ಆರಿದ ಮೇಲೂ ಬೆಳಗುವಂತೆ ಮಾಡಿರುವುದು, ಅಣುಗಳನ್ನು ಹೀಗೆ ಕಟ್ಟಿಹಾಕುವ ಉಪಾಯದಿಂದಲೇ.

ಆದರೆ ಬೆಳಕು ಇಷ್ಟು ತಡವಾಗಿ ಹೊರಬರುವುದೇಕೆ? 1944ರಲ್ಲಿ ಲೂಯಿಸರು ತಮ್ಮ ತರುಣ ಶಿಷ್ಯ ಮೈಕೇಲ್ ಕಾಶಾ ಅವರೊಡನೆ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಜೋಡಿಯಾದ ಎರಡು ಎಲೆಕ್ಟ್ರಾನುಗಳ ಭ್ರಮಣವು ಪರಸ್ಪರ ವಿರುದ್ಧ ದಿಕ್ಕಿನಲ್ಲಿರುತ್ತದೆ. ಬೆಳಕನ್ನು ಹೀರಿದ ಅಣುವಿನಲ್ಲಿ ಒಮ್ಮೊಮ್ಮೆ ಅವೆರಡರ ಭ್ರಮಣವೂ ಒಂದೇ ದಿಕ್ಕಿನದಾಗುತ್ತದೆ. ತ್ರಿಕ ಸ್ಥಿತಿ ಎನಿಸಿಕೊಳ್ಳುವ ಈ ಅವಸ್ಥೆಯಿಂದ ಹಿಂದಿರುಗುವ ದಾರಿ ಸುಗಮವಾದುದಲ್ಲ, ಆದುದರಿಂದಲೇ ವಿಳಂಬ. ತಾವು 1916ರಲ್ಲಿ ಕೂಡಿಸಿದ ಜೋಡಿಯನ್ನು ಲೂಯಿಸರು ಈಗ ಬಿಡಿಸಿ ತೋರಿಸಿದಂತಾಯಿತು. ಹಲವರು ವಿದ್ವಾಂಸರು ಇದನ್ನು ಒಪ್ಪಲಿಲ್ಲ.

ಸಂದೇಹವನ್ನು ಪರಿಹರಿಸಲು ಒಂದು ಮಾರ್ಗವಿತ್ತು. ಎಲೆಕ್ಟ್ರಾನುಗಳ ಭ್ರಮಣ ಏಕಮುಖವಾಗಿದ್ದರೆ, ಆ ವಸ್ತುವನ್ನು ಅಯಸ್ಕಾಂತವು ಸ್ವಲ್ಪವಾದರೂ ಸೆಳೆಯಬೇಕು. ಲೂಯಿಸರು ಮೆಲ್ವಿನ್ ಕ್ಯಾಲ್ವಿನ್ನರೊಡನೆ ಈ ಪರೀಕ್ಷೆಯನ್ನು ಕೈಗೊಂಡರು. ಬೆಳಕು ಬಿದ್ದಾಗ ಉಂಟಾಗುವ ಆ ಅತಿಸೂಕ್ಷ್ಮವಾದ ಸೆಳೆತವು ಗೋಚರಿಸಿತು. 1945ರಲ್ಲಿ ಅದರ ವರದಿ ಪ್ರಕಟವಾಯಿತು.

1946ರ ಮಾರ್ಚ್ 23ರಂದು ಲೂಯಿಸರು ಎಂದಿನಂತೆ ಪ್ರಯೋಗಶಾಲೆಗೆ ಹೋದರು. ಅಂದು ಅಲ್ಲಿಯೇ, ಪ್ರಯೋಗವೊಂದರಲ್ಲಿ ತೊಡಗಿದ್ದಾಗ ಅವರು ಕೊನೆಯುಸಿರೆಳೆದರು. ಅಯಸ್ಕಾಂತದ ಪ್ರಯೋಗಗಳ ಪೂರ್ಣ ವಿವರವನ್ನು ಕ್ಯಾಲ್ವಿನ್ ಮತ್ತು ಕಾಶಾ 1949ರಲ್ಲಿ ಲೂಯಿಸರ ಹೆಸರನ್ನೇ ಮೊದಲಿಗೆ ಇಟ್ಟು ಪ್ರಕಟಿಸಿದರು.