ಮೆಡೋಸ್ ಟೇಲರ್

ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯಿದೆ. ಅದನ್ನು ಕಟ್ಟಿಸಿ ಅಲ್ಲಿ ವಾಸವಾಗಿದ್ದವರು ಫಿಲಿಪ್ ಮೆಡೋಸ್ ಟೇಲರ್. ದೂರದೇಶದಿಂದ ಬಂದ ಈ ಕ್ರೈಸ್ತ ಅಧಿಕಾರಿ ಸುರಪುರದವರ ಸುಖದುಃಖಗಳನ್ನು ತಮ್ಮವೆಂದೇ ಭಾವಿಸಿದರು.

ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದರು. ವ್ಯಾಪಾರಿಯೊಬ್ಬನ ಬಳಿ ಕೆಲಸ ದೊರೆಯುವುದೆಂದು ನಂಬಿ 1824ರಲ್ಲಿ ಮುಂಬಯಿಗೆ ಬಂದಾಗ ಅವರಿಗೆ ಹದಿನಾರೂ ತುಂಬಿರಲಿಲ್ಲ. ಆ ವ್ಯಾಪಾರಿ ನಷ್ಟದಲ್ಲಿದ್ದುದರಿಂದ ಆಸೆ ಕೈಗೂಡಲಿಲ್ಲ. ಬಳಿಕ ಅವರು ಹೈದರಾಬಾದಿನ ನಿಜಾಮರ ಸೈನ್ಯವನ್ನು ಸೇರಿದರು. ದೇಶಭಾಷೆಗಳನ್ನೂ ಕಾನೂನನ್ನೂ ಭೂಮಾಪನವನ್ನೂ ಸ್ವಂತ ಪರಿಶ್ರಮದಿಂದಲೇ ಕಲಿತರು.

1842ರಲ್ಲಿ ಸುರಪುರದ ದೊರೆ ಕೃಷ್ಣಪ್ಪನಾಯಕ ತೀರಿಕೊಂಡನು. ಅವನ ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ಸಂಸ್ಥಾನದ ಆಡಳಿತದ ಹೊಣೆ ಟೇಲರರ ಮೇಲೆ ಬಿತ್ತು. ಅವರು ಕಂದಾಯವನ್ನು ಕ್ರಮಗೊಳಿಸಿದರು. ಬೋನಾಳದ ಕೆರೆಯನ್ನು ಅಭಿವೃದ್ಧಿಪಡಿಸಿದರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿರುವ ಪ್ರಾಚೀನ ಶಿಲಾಸಾಲುಗಳನ್ನು ಪರಿಶೀಲಿಸಿ ವಿವರಿಸಿದರು. ಬಾಲರಾಜನು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ಈ ನಡುವೆ 1844ರಲ್ಲಿ ಪತ್ನಿ ಮೇರಿ ತೀರಿಕೊಂಡರು. ಇಂಥ ದುಃಖವನ್ನು ದೇವರೇ ಬಯಸಿ ಕಳುಹಿಸುವನೇ? ಕ್ರೈಸ್ತರ ಪವಿತ್ರಗ್ರಂಥವೂ ಈ ಪ್ರಶ್ನೆಯನ್ನು ಎತ್ತುತ್ತದೆ. ಸಜ್ಜನನಾದ ಯೋಬನು ಸಂಪತ್ತನ್ನೂ ಮಕ್ಕಳನ್ನೂ ಕಳೆದುಕೊಂಡಾಗ, ಅದು ಪಾಪದ ಫಲವೆಂದು ಗೆಳೆಯರು ವಾದಿಸಿದರು. ದೇವರು ಅವರ ವಾದವನ್ನು ಒಪ್ಪಲಿಲ್ಲ. ಹುಟ್ಟುಕುರುಡನ ಕಷ್ಟವು ಅವನ ಪಾಪದಿಂದಲೂ ಬಂದುದಲ್ಲ, ತಂದೆತಾಯಿಗಳ ಪಾಪದಿಂದಲೂ ಅಲ್ಲವೆಂದು ಯೇಸು ತಿಳಿಸಿದನು. ಬಳಿಕ ಅವನಿಗೆ ದೃಷ್ಟಿಯನ್ನಿತ್ತನು. ದುಃಖಕ್ಕೆ ಕಾರಣ ಹುಡುಕುತ್ತ ಕುಳಿತುಕೊಳ್ಳುವುದಕ್ಕಿಂತ ದುಃಖಿಯ ಕೈಹಿಡಿಯುವುದು ಮೇಲೆಂಬುದೇ ಇದರ ಸಾರ. ಪತ್ನಿಯನ್ನು ಕಳೆದುಕೊಂಡ ಟೇಲರ್ ಕರ್ತವ್ಯವನ್ನು ಬಿಡಲಿಲ್ಲ. ಇನ್ನೂ ಒಂಬತ್ತು ವರ್ಷ ಸುರಪುರದ ಸೇವೆ ಮಾಡಿ, 1853ರಲ್ಲಿ ರಾಜ್ಯವನ್ನು ವೆಂಕಟಪ್ಪನಾಯಕನಿಗೆ ಒಪ್ಪಿಸಿದರು.

ರಾಜನು ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಅಳಿಯುವನೆಂದು ಅವನ ಜಾತಕವನ್ನು ನೋಡಿದ ಶಾಸ್ತ್ರಿಗಳು ಹೇಳಿದ್ದರು. 1858ರಲ್ಲಿ ಅವನು ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದನು. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡರು. ರಾಜನಿಗೆ ವಿಧಿಸಿದ್ದ ಮರಣದಂಡನೆ ಕಡಿಮೆಯಾಗುತ್ತ ಕೊನೆಗೆ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಅವನು ಗುಂಡೇಟಿನಿಂದ ಮೃತನಾದನು. ಜಾತಕದ ಮಾತು ನಿಜವಾಯಿತೆಂದು ಜನ ನಂಬಿದರು. ಭವಿಷ್ಯದ ಮಾತು ಕಿವಿಗೆ ಬಿದ್ದಿದ್ದರೂ ಟೇಲರ್ ಹುಡುಗನನ್ನು ವಿಧಿಗೆ ಬಿಟ್ಟುಕೊಟ್ಟಿರಲಿಲ್ಲ; ಅವನನ್ನು ಒಳ್ಳೆಯ ದೊರೆಯನ್ನಾಗಿಸಲು ವರ್ಷಗಟ್ಟಲೆ ಶ್ರಮಿಸಿದ್ದರು. ಮಗನಂತೆ ಬೆಳೆಸಿದವನ ಮರಣ ಅವರಿಗೆ ತೀರದ ನೋವಾಯಿತು.

ಅನಾರೋಗ್ಯದಿಂದ 1860ರಲ್ಲಿ ಅವರು ಸ್ವದೇಶಕ್ಕೆ ಮರಳಿ 'ತಾರಾ', 'ಸೀತಾ' ಮೊದಲಾದ ಕಾದಂಬರಿಗಳನ್ನು ಬರೆದರು. ಇಳಿವಯಸ್ಸಿನಲ್ಲಿ ದೃಷ್ಟಿ ಮಂಕಾದರೂ ಮತ್ತೊಮ್ಮೆ ಭಾರತಕ್ಕೆ ಬಂದುಹೋದರು. ಹಿಂದಿರುಗುವಾಗ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋನಿನಲ್ಲಿ ನಿಧನರಾದರು. ಅವರ ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಪ್ರಕಟಿಸಿದಳು.

ನೋವು ಏಕೆ ಬರುತ್ತದೆಂಬ ಪ್ರಶ್ನೆಗೆ ಟೇಲರರ ಬಾಳು ಉತ್ತರ ಕೊಡುವುದಿಲ್ಲ. ಬಂದ ನೋವನ್ನು ಹೊತ್ತುಕೊಂಡೇ ಪರರಿಗೆ ಹೇಗೆ ನೆರಳಾಗಬಹುದೆಂಬುದನ್ನು ಅದು ತೋರಿಸುತ್ತದೆ.